ಚಳಿಗೆ ಮುಂಚೆ ಬಾಡಿಗೆ ಮನೆ ತಯಾರಿ: ಬಚ್ಚಲಿನಿಂದ ಶುರು ಮಾಡಿ

ದಸರಾ ಮುಗಿಯುತ್ತಿದ್ದಂತೆ ಬಾಡಿಗೆಗೆ ಮನೆ ಕೊಟ್ಟಿರುವವರು ನನ್ನನ್ನು ಕೇಳುವ ಪ್ರಶ್ನೆ ಒಂದೇ. "ಚಳಿಗಾಲಕ್ಕೆ ಅಂತ ಮನೆಗೆ ಏನು ಮಾಡಿಸಬೇಕು? ನಮ್ಮೂರೇನು ಶಿಮ್ಲಾನಾ?" ಪೈಪಿನಲ್ಲಿ ನೀರು ಹೆಪ್ಪುಗಟ್ಟುವಷ್ಟು ಚಳಿ ನಮಗಿಲ್ಲ, ಒಪ್ಪುತ್ತೇನೆ. ಬೆಂಗಳೂರಿನಲ್ಲಿ ದಾಖಲಾದ ಅತಿ ಕಡಿಮೆ ತಾಪಮಾನ 7.8 ಡಿಗ್ರಿ, ಅದೂ 1884ರ ಜನವರಿ 13ರಂದು. ಆದರೆ ಚಳಿ ಬಂತು ಅಂದರೆ ಮನೆಯೊಳಗೆ ಏನಾಗುತ್ತದೆ ನೋಡಿ. ಕಿಟಕಿ ಮುಚ್ಚುತ್ತಾರೆ, ವೆಂಟಿಲೇಟರಿಗೆ ರಟ್ಟು ತುರುಕುತ್ತಾರೆ, ತಿಂಗಳುಗಟ್ಟಲೆ ಸುಮ್ಮನಿದ್ದ ಗೀಸರನ್ನು ಬೆಳಿಗ್ಗೆ ಒಬ್ಬರಾದ ಮೇಲೆ ಒಬ್ಬರು ಓಡಿಸುತ್ತಾರೆ, ಒಗೆದ ಬಟ್ಟೆ ಹಾಲಿನಲ್ಲೇ ಒಣಗುತ್ತದೆ. ಗಾಳಿ ಕಡಿಮೆ, ಬೆಂಕಿ ಮತ್ತು ಕರೆಂಟು ಜಾಸ್ತಿ. ನಮ್ಮ ಕಡೆ ಚಳಿಗಾಲದ ಅನಾಹುತಗಳು ಹೆಚ್ಚಾಗಿ ಹುಟ್ಟುವುದು ಇಲ್ಲಿಂದಲೇ.

ಹಾಗಾಗಿ ಗೋಡೆಗೆ ಬಣ್ಣ ಹೊಡೆಸುವ ಮುಂಚೆ ಬಚ್ಚಲಿಗೆ ಹೋಗಿ. ನಮ್ಮ ಹಿರಿಯರು ಇದಕ್ಕೆ ಒಂದು ದಿನವನ್ನೇ ಇಟ್ಟಿದ್ದಾರೆ, ಅಲ್ವಾ? ದೀಪಾವಳಿಗೆ ಮುಂಚಿನ ನೀರು ತುಂಬುವ ಹಬ್ಬ. ಹಂಡೆ ತಿಕ್ಕಿ, ಬಚ್ಚಲು ತೊಳೆದು, ಹೊಸ ನೀರು ತುಂಬಿಡುವ ದಿನ. ನೀವೂ ಅದನ್ನೇ ಗಡುವು ಮಾಡಿಕೊಳ್ಳಿ. ಆಯುಧ ಪೂಜೆಯಿಂದ ನೀರು ತುಂಬುವ ಹಬ್ಬದವರೆಗೆ ಹೆಚ್ಚು ಕಡಿಮೆ ಮೂರು ವಾರ ಸಿಗುತ್ತದೆ. ಡಿಸೆಂಬರ್ ಬಂದ ಮೇಲೆ ಪ್ಲಂಬರ್ ಸಿಗುವುದೇ ಕಷ್ಟ.

ಬೇಕಾಗುವುದು ಜಾಸ್ತಿಯೇನಿಲ್ಲ. ಒಂದು ಟಾರ್ಚ್, ಬಕೆಟ್, ಸೋಪಿನ ನೊರೆ, ಎರಡು ಅಗರಬತ್ತಿ, ಮೂರು ದೀಪದ ಸಾಕೆಟ್ ಟೆಸ್ಟರ್ (ಎಲೆಕ್ಟ್ರಿಕ್ ಅಂಗಡಿಯಲ್ಲಿ ಸಿಗುತ್ತದೆ), ಒಂದು ನೋಟ್ ಪುಸ್ತಕ. ಜೊತೆಗೆ ಅರ್ಧ ದಿನಕ್ಕೆ ಒಬ್ಬ ಒಳ್ಳೆ ಎಲೆಕ್ಟ್ರಿಷಿಯನ್. ಬಾಡಿಗೆದಾರರಿಗೆ ಕನಿಷ್ಠ ಒಂದು ದಿನ ಮುಂಚೆ ಮೆಸೇಜ್ ಹಾಕಿ, ಅವರಿಗೆ ಅನುಕೂಲವಾದ ಹೊತ್ತಿಗೇ ಹೋಗಿ. ಮನೆ ನಿಮ್ಮದೇ ಆದರೂ ಅಲ್ಲಿ ಬದುಕುತ್ತಿರುವವರು ಅವರು.

1. ಗ್ಯಾಸ್ ಗೀಸರ್ ಇದ್ದರೆ ಬೇರೆ ಎಲ್ಲ ಕೆಲಸ ಆಮೇಲೆ

ಈ ಹಂತಕ್ಕೆ ಎಷ್ಟು ಹೊತ್ತು ಕೊಟ್ಟರೂ ಕಡಿಮೆಯೇ. ಗ್ಯಾಸ್ ಗೀಸರ್ ಸಿಲಿಂಡರಿನ ಅನಿಲ ಉರಿಸಿ ನೀರು ಕಾಯಿಸುತ್ತದೆ. ಉರಿಯಲು ಗಾಳಿ ಬೇಕು. ಮುಚ್ಚಿದ ಪುಟ್ಟ ಬಚ್ಚಲಿನಲ್ಲಿ ಹತ್ತು ಹದಿನೈದು ನಿಮಿಷ ಉರಿದರೆ ಗಾಳಿ ಸಾಲದೆ ಬೆಂಕಿ ಸರಿಯಾಗಿ ಉರಿಯುವುದಿಲ್ಲ. ಆಗ ಹುಟ್ಟುವುದು ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಅದು ನಮ್ಮ ರಕ್ತದ ಹಿಮೋಗ್ಲೋಬಿನ್ನಿಗೆ ಆಮ್ಲಜನಕಕ್ಕಿಂತ 200ಕ್ಕೂ ಹೆಚ್ಚು ಪಟ್ಟು ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ಮೊದಲು ತಲೆನೋವು, ಆಮೇಲೆ ತಲೆಸುತ್ತು, ವಾಕರಿಕೆ, ಕಾಲಲ್ಲಿ ಶಕ್ತಿ ಇಲ್ಲದಂತಾಗುವುದು. ಏನೋ ಸರಿಯಿಲ್ಲ ಅಂತ ಗೊತ್ತಾಗುವ ಹೊತ್ತಿಗೆ ಎದ್ದು ಚಿಲಕ ತೆಗೆಯಲೂ ಆಗುವುದಿಲ್ಲ.

"ಗ್ಯಾಸ್ ವಾಸನೆಯೇನೂ ಬರಲಿಲ್ಲ" ಅಂತ ಧೈರ್ಯ ತಂದುಕೊಳ್ಳಬೇಡಿ. ಸಿಲಿಂಡರ್ ಸೋರಿದರೆ ವಾಸನೆ ಬರಲಿ ಅಂತ ಅನಿಲಕ್ಕೆ ಬೇಕಂತಲೇ ವಾಸನೆ ಸೇರಿಸಿರುತ್ತಾರೆ. ಉರಿದ ಮೇಲೆ ಹುಟ್ಟುವ ವಿಷಕ್ಕೆ ಅದಿಲ್ಲ. ಎರಡೂ ಬೇರೆ ಬೇರೆ ಅಪಾಯ.

ಈಗ ಮಾಡಬೇಕಾದ್ದು. ಗೀಸರ್ ಬಚ್ಚಲ ಒಳಗಿದ್ದರೆ ಹೊರಗೆ ಹಾಕಿಸಿ. ಗಾಳಿಯಾಡುವ ಬಾಲ್ಕನಿ ಅಥವಾ ತೆರೆದ ಯುಟಿಲಿಟಿಯಲ್ಲಿ ಗೀಸರ್ ಮತ್ತು ಸಿಲಿಂಡರ್ ಎರಡೂ ಇರಬೇಕು, ಬಚ್ಚಲಿಗೆ ಬಿಸಿನೀರಿನ ಪೈಪು ಮಾತ್ರ ಬರಬೇಕು. ಹೊರಗೆ ಜಾಗ ಇಲ್ಲವಾ? ಹಾಗಾದರೆ ಗ್ಯಾಸ್ ಗೀಸರೇ ಬೇಡ, ತೆಗೆಸಿ ಕರೆಂಟಿನದು ಹಾಕಿಸಿ. ಇದರಲ್ಲಿ ನನಗೆ ನಡುವಿನ ದಾರಿ ಕಾಣುವುದಿಲ್ಲ. ಬಾಗಿಲು ಸ್ವಲ್ಪ ತೆರೆದಿಟ್ಟು ಸ್ನಾನ ಮಾಡಿ ಅಂತ ಬಾಡಿಗೆದಾರರಿಗೆ ಹೇಳುವುದು ಪರಿಹಾರ ಅಲ್ಲವೇ ಅಲ್ಲ. ಮನೆಗೆ ನೆಂಟರು ಬಂದ ದಿನ ಯಾರು ಬಾಗಿಲು ತೆರೆದಿಟ್ಟು ಸ್ನಾನ ಮಾಡುತ್ತಾರೆ?

ಹೊರಗಿಟ್ಟ ಗೀಸರನ್ನೂ ನೋಡಬೇಕು. ಮೊದಲು ರೆಗ್ಯುಲೇಟರಿನಿಂದ ಗೀಸರಿನವರೆಗೆ ಎಲ್ಲ ಜೋಡಣೆಗಳಿಗೆ ಸೋಪಿನ ನೊರೆ ಹಚ್ಚಿ. ಗುಳ್ಳೆ ಎದ್ದರೆ ಸೋರುತ್ತಿದೆ. ಬೆಂಕಿಕಡ್ಡಿ ಗೀರಿ ನೋಡುವ ಅಭ್ಯಾಸ ಇನ್ನೂ ಕೆಲವರಲ್ಲಿದೆ, ದಯವಿಟ್ಟು ಬೇಡ. ಕಿತ್ತಳೆ ಬಣ್ಣದ ಸುರಕ್ಷಾ ಹೋಸ್ ಪೈಪಿಗೆ 5 ವರ್ಷ ಆಯಸ್ಸು. ಅದರ ಮೇಲೆ ತಯಾರಾದ ವರ್ಷ ಅಚ್ಚಾಗಿರುತ್ತದೆ, ಓದಿ. ಆಮೇಲೆ ಉರಿಯ ಬಣ್ಣ. ನೀಲಿ ಇರಬೇಕು. ಹಳದಿ ತುದಿ ಇದ್ದರೆ, ಮೇಲ್ಭಾಗದಲ್ಲಿ ಮಸಿ ಕಂಡರೆ, ಸರ್ವೀಸ್ ಆಗುವವರೆಗೆ ಬಳಸಬೇಡಿ. ಉರಿ ನೀಲಿ ಇದೆ ಅಂತ ಬಚ್ಚಲ ಒಳಗೇ ಬಿಡಬಹುದು ಅಂದುಕೊಳ್ಳಬೇಡಿ. ಈಗ ನೀಲಿಯಾಗಿ ಉರಿಯುವುದು ಗಾಳಿ ಕಡಿಮೆಯಾದ ಹತ್ತು ನಿಮಿಷಕ್ಕೆ ಬೇರೆಯೇ ಆಗುತ್ತದೆ.

ಬಾಲ್ಕನಿಗೆ ಗಾಜು ಹಾಕಿಸಿಕೊಂಡ ಮನೆಗಳಲ್ಲಿ ಇನ್ನೂ ಒಂದು ತೊಂದರೆ ಇದೆ. ಮೂರು ಕಡೆ ಗಾಜು ಮುಚ್ಚಿದರೆ ಅದು ಬಾಲ್ಕನಿಯಾಗಿ ಉಳಿಯುವುದಿಲ್ಲ, ಮತ್ತೊಂದು ಕೋಣೆ ಆಗುತ್ತದೆ. ಚಳಿಗಾಲದಲ್ಲಿ ಆ ಗಾಜು ಸರಿಸಿ ಮುಚ್ಚುತ್ತಾರೆ ಬೇರೆ. ಒಳಗಿನ ಎಕ್ಸಾಸ್ಟ್ ಫ್ಯಾನ್ ಓಡಿದರೆ ಆ ಹೊಗೆಯನ್ನು ಮನೆಯೊಳಗೇ ಎಳೆದುಕೊಳ್ಳಬಹುದು. ಇಂಥ ಕಡೆ ಗೀಸರ್ ಎದುರಿನ ಗಾಜನ್ನು ತೆಗೆಸಿ ಜಾಲರಿ ಹಾಕಿಸಿ.

ಮನೆಯಲ್ಲಿ ಏನಾದರೂ ಉರಿಯುತ್ತಿದೆ ಅಂದರೆ ಬ್ಯಾಟರಿಯ ಕಾರ್ಬನ್ ಮಾನಾಕ್ಸೈಡ್ ಅಲಾರಂ ಒಂದು ಹಾಕಿ, ಮಲಗುವ ಕೋಣೆಗೆ ಹತ್ತಿರ. ಗ್ಯಾಸ್ ಸೋರಿಕೆಯ ಅಲಾರಂ ಬೇರೆ, ಇದು ಬೇರೆ. ಅಂಗಡಿಯವರು ಒಂದು ಕೇಳಿದರೆ ಇನ್ನೊಂದು ಕೊಡುವುದುಂಟು, ಡಬ್ಬದ ಮೇಲೆ ಓದಿ ತನ್ನಿ.

ಕೊನೆಯದಾಗಿ ಬಚ್ಚಲ ಚಿಲಕ. ಹೊರಗಿನಿಂದ ನಾಣ್ಯ ಹಾಕಿ ತಿರುಗಿಸಿ ತೆಗೆಯಬಹುದಾದ ಲಾಕ್ ಸಿಗುತ್ತದೆ. ಹಳೆ ಅಗುಳಿ ತೆಗೆದು ಅದನ್ನು ಹಾಕಿಸಿ. ವಯಸ್ಸಾದವರು ಇರುವ ಮನೆಗಂತೂ ಬೇಕೇ ಬೇಕು.

2. ಕರೆಂಟ್ ಗೀಸರ್: ಒಳಗಿನ ಸುಣ್ಣ ನೋಡಿ

ಹೊರಗೆ ಬೆಳ್ಳಗೆ ಹೊಳೆಯುವ ಗೀಸರಿನ ಒಳಗೆ ಏನಿದೆ ಅಂತ ನೋಡಿದವರು ಕಡಿಮೆ. ಬೋರ್‌ವೆಲ್ ನೀರಿನ ಮನೆಯಲ್ಲಿ ಒಮ್ಮೆ ಕೆಳಗಿನ ಮುಚ್ಚಳ ಬಿಚ್ಚಿಸಿ ನೋಡಿ. ಮೊದಲು ಕಂದು ನೀರು ಬರುತ್ತದೆ. ಆಮೇಲೆ ಮೊಟ್ಟೆ ಚಿಪ್ಪಿನಂಥ ಬಿಳಿ ಚೂರುಗಳು ಬಕೆಟ್ಟಿಗೆ ಟಪಟಪ ಬೀಳುತ್ತವೆ. ಎಲಿಮೆಂಟ್, ಅಂದರೆ ನೀರು ಕಾಯಿಸುವ ಸುರುಳಿ, ಸುಣ್ಣ ಮೆತ್ತಿಕೊಂಡು ಹೆಬ್ಬೆರಳಿನಷ್ಟು ದಪ್ಪ ಆಗಿರುತ್ತದೆ. ಅದರ ಪಕ್ಕದಲ್ಲಿ ಒಂದು ಮೆಗ್ನೀಸಿಯಂ ಕಡ್ಡಿ ಇರುತ್ತದೆ. ಟ್ಯಾಂಕಿಗೆ ತುಕ್ಕು ಹಿಡಿಯದ ಹಾಗೆ ತಾನೇ ಕರಗಿ ಹೋಗುವ ಕಡ್ಡಿ ಅದು, ಆನೋಡ್ ಅನ್ನುತ್ತಾರೆ. ಹೊಸದರಲ್ಲಿ ಬೆರಳಿನಷ್ಟು ದಪ್ಪ. ಗಡಸು ನೀರಿನಲ್ಲಿ ಎರಡು ಮೂರು ವರ್ಷಕ್ಕೆ ಒಳಗಿನ ತಂತಿ ಮಾತ್ರ ಉಳಿದಿರುತ್ತದೆ. ಕಡ್ಡಿ ಮುಗಿದ ಮೇಲೆ ತುಕ್ಕು ಟ್ಯಾಂಕಿಗೇ ಹಿಡಿಯುತ್ತದೆ. ಆಗ ಹೋಗುವುದು ಪೂರ್ತಿ ಗೀಸರ್. ಕಡ್ಡಿಯ ಬೆಲೆ ಅದರ ಮುಂದೆ ಏನೂ ಅಲ್ಲ.

ಸರ್ವೀಸಿನವರಿಗೆ ಹೀಗೆ ಹೇಳಿ: ಸುಣ್ಣ ತೆಗೆಯಿರಿ, ಆನೋಡ್ ತೋರಿಸಿ, ಥರ್ಮೋಸ್ಟಾಟ್ ಪರೀಕ್ಷಿಸಿ. ಥರ್ಮೋಸ್ಟಾಟ್ ಅಂದರೆ ನೀರು ಸಾಕಷ್ಟು ಬಿಸಿಯಾದಾಗ ಕರೆಂಟು ನಿಲ್ಲಿಸುವ ಭಾಗ. ಅದನ್ನು 50ರಿಂದ 60 ಡಿಗ್ರಿ ನಡುವೆ ಇಡಿಸಿ.

ಮುಖ್ಯವಾದದ್ದು ಸೇಫ್ಟಿ ವಾಲ್ವ್. ಗೀಸರ್ ಕೆಳಗೆ ತಣ್ಣೀರು ಒಳಬರುವ ಪೈಪಿನಲ್ಲಿ ಒಂದು ಸಣ್ಣ ಹಿತ್ತಾಳೆ ವಾಲ್ವ್ ಇರುತ್ತದೆ. ಒಳಗೆ ಒತ್ತಡ ಜಾಸ್ತಿಯಾದರೆ ಅದರಿಂದ ನೀರು ಹೊರಗೆ ಹೋಗಬೇಕು. ನೀರು ಕಾಯುವಾಗ ಅದು ತೊಟ್ಟಿಕ್ಕುವುದು ಸಹಜ. ಆದರೆ ಆ ತೊಟ್ಟಿನ ಕಿರಿಕಿರಿಗೆ ಯಾರೋ ಅದಕ್ಕೆ ಟೇಪ್ ಸುತ್ತಿರುತ್ತಾರೆ, ಇಲ್ಲವೇ ಬಿರಡೆ ಹಾಕಿರುತ್ತಾರೆ. ನಾನು ನೋಡಿಕೊಳ್ಳುವ ಒಂದು ಮನೆಯಲ್ಲಿ ಬಟ್ಟೆ ಚೂರು ಸುತ್ತಿ ಮೇಲೆ ಎಂ-ಸೀಲ್ ಮೆತ್ತಿದ್ದರು. ಥರ್ಮೋಸ್ಟಾಟ್ ಕೂಡ ಕೆಟ್ಟ ದಿನ ಅಂಥ ಗೀಸರ್ ಸಿಡಿಯುತ್ತದೆ. ಬಿರಡೆ ಕಿತ್ತು ಹೊಸ ವಾಲ್ವ್ ಹಾಕಿಸಿ, ಬೀಳುವ ಹನಿ ಬಚ್ಚಲ ತೂಬಿಗೆ ಹೋಗುವ ಹಾಗೆ ಒಂದು ಸಣ್ಣ ಪೈಪು ಇಳಿಬಿಡಿ. ಎರಡೂ ತೊಂದರೆ ಮುಗಿಯಿತು.

"ರಾತ್ರಿಯೆಲ್ಲಾ ಆನ್ ಇಡಬೇಕಾ?" ಅಂತ ಬಾಡಿಗೆದಾರರು ಕೇಳುತ್ತಾರೆ. ಬೇಡ. 2000 ವ್ಯಾಟಿನ 25 ಲೀಟರ್ ಗೀಸರ್ 20 ಡಿಗ್ರಿ ನೀರನ್ನು 60 ಡಿಗ್ರಿಗೆ ತರಲು ಸುಮಾರು 35 ನಿಮಿಷ ಸಾಕು, ಹೆಚ್ಚು ಕಡಿಮೆ 1.2 ಯೂನಿಟ್. ಅದಕ್ಕಿಂತ ಬಹಳ ಜಾಸ್ತಿ ಹೊತ್ತು ಹಿಡಿಯುತ್ತಿದ್ದರೆ ಒಳಗೆ ಸುಣ್ಣ ಕಟ್ಟಿದೆ, ಇಲ್ಲವೇ ಎಲಿಮೆಂಟ್ ಸೋತಿದೆ ಅಂತ ಅರ್ಥ.

3. ಅರ್ತಿಂಗ್ ಮತ್ತು ಆರ್‌ಸಿಸಿಬಿ

ಅರ್ತ್ ಅಂದರೆ ಸೋರಿದ ಕರೆಂಟಿಗೆ ನೆಲಕ್ಕೆ ಹೋಗಲು ಇರುವ ದಾರಿ. ಆ ದಾರಿ ಇಲ್ಲದಿದ್ದರೆ ಕರೆಂಟು ಒದ್ದೆ ಮೈಯ ಮೂಲಕ ಹೋಗುತ್ತದೆ. ಸಾಕೆಟ್ ಟೆಸ್ಟರನ್ನು ಪ್ರತಿ ಸಾಕೆಟ್ಟಿಗೆ ಚುಚ್ಚಿ ನೋಡಿ (ಅದು 6 ಆಂಪಿಯರ್ ಪಿನ್ನಿನದಾಗಿದ್ದರೆ ಗೀಸರ್ ಸಾಕೆಟ್ಟನ್ನು ಎಲೆಕ್ಟ್ರಿಷಿಯನ್ ಕೈಲೇ ನೋಡಿಸಿ). ಆದರೆ ಇಲ್ಲೊಂದು ಮೋಸ ಇದೆ. ಕೆಲವು ಹಳೆ ಮನೆಗಳಲ್ಲಿ ಅರ್ತ್ ವೈರೇ ಎಳೆದಿರುವುದಿಲ್ಲ, ಸಾಕೆಟ್ಟಿನ ಹಿಂದೆ ಅರ್ತ್ ಪಿನ್ನನ್ನು ನ್ಯೂಟ್ರಲ್ಲಿಗೆ ಸೇರಿಸಿಬಿಟ್ಟಿರುತ್ತಾರೆ. ಟೆಸ್ಟರ್ ಎಲ್ಲ ಸರಿ ಇದೆ ಅಂತಲೇ ತೋರಿಸುತ್ತದೆ. ನ್ಯೂಟ್ರಲ್ ಎಲ್ಲಾದರೂ ತುಂಡಾದ ದಿನ ಗೀಸರಿನ ಮೈಗೇ ಕರೆಂಟು ಬರುತ್ತದೆ. ಅದಕ್ಕೇ ಎಲೆಕ್ಟ್ರಿಷಿಯನ್ ಕೈಲಿ ಗೀಸರ್ ಸಾಕೆಟ್ಟನ್ನು ಬಿಚ್ಚಿಸಿ ನಿಮ್ಮ ಕಣ್ಣಾರೆ ನೋಡಿ. ಹಸಿರು ವೈರು ಬೇರೆಯಾಗಿ ಬಂದಿರಬೇಕು.

ಮೇನ್ ಬೋರ್ಡಿನಲ್ಲಿ 30 ಮಿಲಿ ಆಂಪಿಯರ್ ಆರ್‌ಸಿಸಿಬಿ ಇದೆಯಾ? ಒಳಹೋದ ಕರೆಂಟು ಪೂರ್ತಿ ವಾಪಸ್ ಬರದಿದ್ದರೆ ಕಣ್ಣು ಮಿಟುಕಿಸುವುದರೊಳಗೆ ಲೈನ್ ಕಡಿಯುವ ಸ್ವಿಚ್ ಅದು. ಎಂಸಿಬಿ ಇದೆಯಲ್ಲ ಸಾಕು ಅನ್ನುವವರಿದ್ದಾರೆ. ಎಂಸಿಬಿ ಲೋಡ್ ಜಾಸ್ತಿಯಾದರೆ, ಶಾರ್ಟ್ ಆದರೆ ಬೀಳುತ್ತದೆ, ಮನುಷ್ಯನಿಗೆ ಶಾಕ್ ಹೊಡೆದರೆ ಬೀಳುವುದಿಲ್ಲ. ಆರ್‌ಸಿಸಿಬಿ ಮೇಲೆ "ಟಿ" ಗುಂಡಿ ಇರುತ್ತದೆ. ಒತ್ತಿದರೆ ತಕ್ಷಣ ಬೀಳಬೇಕು. ಬೀಳದಿದ್ದರೆ ಬದಲಿಸಿ.

ಪಿಜಿ ನಡೆಸುವವರಿಗೆ ಒಂದು ಮಾತು. ಬಿಸಿನೀರು ಸಾಲದಿದ್ದರೆ ಹುಡುಗರು, ಹುಡುಗಿಯರು ಹೀಟರ್ ರಾಡ್ ತರುತ್ತಾರೆ. ರಾಡ್ ನಿಷೇಧ ಅಂತ ಬೋರ್ಡ್ ಹಾಕಿದರೆ ರಾಡ್ ಹಾಸಿಗೆ ಕೆಳಗೆ ಹೋಗುತ್ತದೆ, ಅಷ್ಟೇ. ಬೆಳಿಗ್ಗೆ ಆರರಿಂದ ಒಂಬತ್ತರವರೆಗೆ ಎಷ್ಟು ಜನ ಸ್ನಾನ ಮಾಡುತ್ತಾರೆ ಅಂತ ಲೆಕ್ಕ ಹಾಕಿ ಅಷ್ಟು ಬಿಸಿನೀರು ಕೊಡಿ. ರಾಡ್ ತಾನಾಗಿಯೇ ಹೋಗುತ್ತದೆ. ರೂಮ್ ಹೀಟರಿನ ವಿಷಯವೂ ಹೀಗೇ. 2000 ವ್ಯಾಟಿನ ಹೀಟರನ್ನು 6 ಆಂಪಿಯರ್ ಸಾಕೆಟ್ಟಿಗೆ, ಎಕ್ಸ್‌ಟೆನ್ಷನ್ ಬಾಕ್ಸಿಗೆ ಹಾಕಿದರೆ ಪ್ಲಗ್ ಕರಗುತ್ತದೆ. ಪ್ರತಿ ಮಲಗುವ ಕೋಣೆಯಲ್ಲಿ ಒಂದಾದರೂ 16 ಆಂಪಿಯರ್ ಸಾಕೆಟ್, ಅದಕ್ಕೆ ತಕ್ಕ ದಪ್ಪದ ವೈರು ಇರಲಿ.

4. ಸೋಲಾರ್

ಮಳೆಗಾಲವಿಡೀ ಯಾರೂ ಮೇಲೆ ಹತ್ತಿ ನೋಡಿರುವುದಿಲ್ಲ. ಗಾಜಿನ ಕೊಳವೆಗಳ ಮೇಲೆ ಧೂಳು, ಪಾಚಿ ಕೂತಿದ್ದರೆ ಒರೆಸಿ. ಬೆಳಿಗ್ಗೆ ಬಿಸಿಲೇರುವ ಮುಂಚೆ ಮಾಡಿ. ನೀರಿಲ್ಲದೆ ಬಿಸಿಲಿಗೆ ಕಾದ ಕೊಳವೆಗೆ ತಣ್ಣೀರು ಬಿದ್ದರೆ ಪಟ್ ಅಂತ ಒಡೆಯುತ್ತದೆ. ಟ್ಯಾಂಕ್ ಖಾಲಿಯಾಗಿದ್ದರೂ ಅಷ್ಟೇ, ಬೆಳಗಿನ ಜಾವ ಅಥವಾ ಸಂಜೆ ತುಂಬಿಸಿ. ಗಾಳಿ ಪೈಪು, ಅಂದರೆ ಟ್ಯಾಂಕ್ ಮೇಲಿಂದ ಎತ್ತರಕ್ಕೆ ಹೋಗುವ ತೆರೆದ ಪೈಪು, ಮುಚ್ಚಿಕೊಂಡಿದೆಯಾ ನೋಡಿ. ಸೋಲಾರ್ ಟ್ಯಾಂಕಿನಲ್ಲೂ ಆನೋಡ್ ಇರುತ್ತದೆ, ಕೇಳಿ ಬದಲಿಸಿ.

ನವೆಂಬರಿನಲ್ಲಿ ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತ ಆದರೆ ಇಲ್ಲಿ ಮೂರು ನಾಲ್ಕು ದಿನ ಸೂರ್ಯ ಕಾಣುವುದಿಲ್ಲ. ಅಂಥ ದಿನಕ್ಕೆ ಟ್ಯಾಂಕಿನೊಳಗೆ ಕರೆಂಟಿನ ಬ್ಯಾಕಪ್ ಎಲಿಮೆಂಟ್ ಇರುತ್ತದೆ. ಅದು ಕೆಲಸ ಮಾಡುತ್ತಿದೆಯಾ, ಅದರ ಸ್ವಿಚ್ ಯಾರ ಮನೆಯಲ್ಲಿದೆ, ಬಿಲ್ ಯಾರಿಗೆ ಬರುತ್ತದೆ ಅಂತ ಈಗಲೇ ತೀರ್ಮಾನ ಮಾಡಿ. ಮೂರು ಮನೆಗೆ ಒಂದೇ ಸೋಲಾರ್ ಇರುವ ಕಡೆ ಜಗಳ ಶುರುವಾಗುವುದೇ ಇಲ್ಲಿ.

ತಾರಸಿಯಿಂದ ನೆಲಮಹಡಿಗೆ ಬಿಸಿನೀರು ಬರುವಷ್ಟರಲ್ಲಿ ಒಂದು ಬಕೆಟ್ ತಣ್ಣೀರು ಚರಂಡಿಗೆ ಹೋಗುತ್ತದೆ. ಪೈಪಿಗೆ ಕಪ್ಪು ಫೋಮ್ ಕವಚ ಹಾಕಿಸಿದರೆ ಸ್ವಲ್ಪ ಉಳಿಯುತ್ತದೆ. ಪೈಪು ಸಿಪಿವಿಸಿ ಆಗಿರಲಿ. ಸಾದಾ ಪಿವಿಸಿ ಬಿಸಿನೀರಿಗೆ ಆಗುವುದಿಲ್ಲ, ಬಾಗಿ ಜೋಡಣೆ ಬಿಡುತ್ತದೆ.

5. ತೇವ ಮತ್ತು ಬೂಷ್ಟು

ಬಣ್ಣ ಹೊಡೆಸುವ ಮುಂಚೆ ತೇವ ಎಲ್ಲಿಂದ ಬರುತ್ತಿದೆ ಅಂತ ತಿಳಿಯಬೇಕು. ಸುಲಭದ ಪರೀಕ್ಷೆ ಒಂದಿದೆ. ಒಂದು ಅಡಿ ಚೌಕದ ಪಾಲಿಥಿನ್ ಹಾಳೆಯನ್ನು ಕಲೆಯಿರುವ ಗೋಡೆಗೆ ನಾಲ್ಕೂ ಕಡೆ ಟೇಪ್ ಹಾಕಿ ಅಂಟಿಸಿ. ಎರಡು ದಿನ ಬಿಡಿ. ಹಾಳೆಯ ಹಿಂದೆ, ಗೋಡೆ ಕಡೆ, ಹನಿ ಇದ್ದರೆ ನೀರು ಗೋಡೆಯೊಳಗಿನಿಂದ ಬರುತ್ತಿದೆ. ತಾರಸಿ, ಪೈಪು, ಪಕ್ಕದ ಬಚ್ಚಲು ನೋಡಿ. ಹಾಳೆಯ ಮೇಲೆ, ಕೋಣೆ ಕಡೆ, ಪಸೆ ಇದ್ದರೆ ಅದು ಕೋಣೆಯ ಗಾಳಿಯದು. ಬಟ್ಟೆ ಒಣಹಾಕುವುದು, ಅಡುಗೆ ಹಬೆ, ಸ್ನಾನದ ಹಬೆ ತಣ್ಣನೆ ಗೋಡೆಗೆ ತಾಕಿ ನೀರಾಗುತ್ತಿದೆ. ಮೊದಲನೆಯದಕ್ಕೆ ರಿಪೇರಿ ಬೇಕು, ಎರಡನೆಯದಕ್ಕೆ ಗಾಳಿ ಬೇಕು. ವಾಟರ್‌ಪ್ರೂಫ್ ಬಣ್ಣ ಎರಡಕ್ಕೂ ಮದ್ದಲ್ಲ. ಹಸಿ ಗೋಡೆ ಮೇಲೆ ಹೊಡೆದ ಬಣ್ಣ ಜನವರಿಯೊಳಗೆ ಹಪ್ಪಳದ ಹಾಗೆ ಏಳುತ್ತದೆ. ಹಿಂಗಾರು ಮಳೆ ನಿಂತು ಗೋಡೆ ಪೂರ್ತಿ ಒಣಗುವವರೆಗೆ ಕಾಯಿರಿ.

ಬೂಷ್ಟನ್ನು ಬ್ಲೀಚ್ ನೀರಿನಲ್ಲಿ ಒರೆಸಬಹುದು, ಕಿಟಕಿ ತೆರೆದು, ಕೈಗೆ ಗ್ಲೌಸ್ ಹಾಕಿ. ಬ್ಲೀಚಿಗೆ ಆಸಿಡ್ ಅಥವಾ ಟಾಯ್ಲೆಟ್ ಕ್ಲೀನರ್ ಎಂದೂ ಬೆರೆಸಬೇಡಿ, ಕ್ಲೋರಿನ್ ವಿಷಾನಿಲ ಬರುತ್ತದೆ. ಬೀರು, ಮಂಚವನ್ನು ಗೋಡೆಯಿಂದ ನಾಲ್ಕು ಬೆರಳು ಈಚೆಗೆ ಎಳೆಯಲು ಹೇಳಿ.

6. ಕಿಟಕಿ ಮುಚ್ಚದ ಹಾಗೆ ಮಾಡುವುದು

ಜನ ಕಿಟಕಿ ಮುಚ್ಚುವುದು ಚಳಿಗಿಂತ ಸೊಳ್ಳೆಗೇ ಜಾಸ್ತಿ. ಜಾಲರಿ ಹಾಕಿಸಿದರೆ ಅರ್ಧವಾದರೂ ತೆರೆದಿಡುತ್ತಾರೆ. ಬಾಗಿಲ ಕೆಳಗಿನ ಸಂದಿಗೆ ಬ್ರಷ್ ಪಟ್ಟಿ ಸಾಕು. ಬಚ್ಚಲು ಮತ್ತು ಅಡುಗೆಮನೆ ವೆಂಟಿಲೇಟರ್ ಮಾತ್ರ ಮುಚ್ಚಬಾರದು. ಗಾಳಿ ಆಡುತ್ತಿದೆಯಾ ಅಂತ ನೋಡಲು ಸಿಲಿಂಡರ್ ಬಂದ್ ಮಾಡಿ, ಗ್ಯಾಸ್ ವಾಸನೆ ಇಲ್ಲ ಅಂತ ಖಾತ್ರಿ ಮಾಡಿಕೊಂಡು, ಬಚ್ಚಲ ಬಾಗಿಲು ಹಾಕಿ ವೆಂಟಿಲೇಟರ್ ಹತ್ತಿರ ಅಗರಬತ್ತಿ ಹಿಡಿಯಿರಿ. ಹೊಗೆ ಹೊರಗೋ ಒಳಗೋ ವಾಲಬೇಕು. ನೆಟ್ಟಗೆ ಮೇಲೆ ಹೋಗಿ ಸೂರಿನ ಕೆಳಗೆ ಮೋಡದ ಹಾಗೆ ನಿಂತರೆ ಆ ಬಚ್ಚಲಿಗೆ ಗಾಳಿಯೇ ಇಲ್ಲ. ಬಾಗಿಲ ಕೆಳಭಾಗದಲ್ಲಿ ಗಾಳಿ ಕಿಂಡಿ ಕೊರೆಸಿ.

7. ಕೊಡಗು, ಚಿಕ್ಕಮಗಳೂರು, ಮಲೆನಾಡಿನವರಿಗೆ

ನಿಮ್ಮ ಕಡೆ ಕೆಲಸ ಸ್ವಲ್ಪ ಬೇರೆ. ಮಳೆ ಬಿಟ್ಟ ಕೂಡಲೇ ಒಡೆದ ಹೆಂಚು ಬದಲಿಸಿ, ಪಾಚಿ ಕೆರೆಸಿ, ಬಚ್ಚಲು ಒಲೆಯ ಹೊಗೆಗೂಡು ಗುಡಿಸಿ. ವರ್ಷದ ಮಸಿ, ಕೆಲವೊಮ್ಮೆ ಹಕ್ಕಿಗೂಡು ಕೂಡ ಒಳಗಿರುತ್ತದೆ. ಹೊಗೆ ಹೋಗಲು ದಾರಿಯಿಲ್ಲದಿದ್ದರೆ ಬಚ್ಚಲಿಗೇ ವಾಪಸ್ ಬರುತ್ತದೆ.

ಎಲ್ಲಕ್ಕಿಂತ ದೊಡ್ಡ ಅಪಾಯ ಕೆಂಡದ್ದು. ಅಗ್ಗಿಷ್ಟಿಕೆಯಲ್ಲಿ ಇದ್ದಿಲು ಹಾಕಿ ಕೋಣೆಯಲ್ಲಿಟ್ಟು ಬಾಗಿಲು ಮುಚ್ಚಿ ಮಲಗುತ್ತಾರೆ. ಜ್ವಾಲೆ ಇಲ್ಲ, ಹೊಗೆ ಇಲ್ಲ, ಅಪಾಯ ಇಲ್ಲ ಅನ್ನಿಸುತ್ತದೆ. ಕೆಂಡದಿಂದಲೂ ಅದೇ ಕಾರ್ಬನ್ ಮಾನಾಕ್ಸೈಡ್ ಬರುತ್ತದೆ. ನಿದ್ದೆಯಲ್ಲಿರುವವರಿಗೆ ಗೊತ್ತೇ ಆಗುವುದಿಲ್ಲ. ಕಾಫಿ ಕೊಯ್ಲು ಶುರುವಾಗುವುದೂ ನವೆಂಬರ್, ಡಿಸೆಂಬರಿನಲ್ಲೇ. ದೂರದ ಊರುಗಳಿಂದ ಬಂದ ಕೆಲಸದವರು ತೋಟದ ಲೈನ್ ಮನೆಗಳಲ್ಲಿ ಇರುತ್ತಾರೆ, ಅವರಿಗೆ ಇಲ್ಲಿನ ಚಳಿ ಹೊಸದು. ಅವರು ಬಾಡಿಗೆದಾರರಲ್ಲದಿದ್ದರೂ ಸೂರು ಕೊಟ್ಟವರು ನೀವೇ. ಒಳ್ಳೆ ಕಂಬಳಿ ಕೊಡಿ, ಕಿಟಕಿ ಬಾಗಿಲು ಸರಿ ಮಾಡಿಸಿ, ಕೆಂಡ ಒಳಗೆ ತರಬೇಡಿ ಅಂತ ಅವರ ಭಾಷೆ ಬಲ್ಲವರಿಂದ ಹೇಳಿಸಿ.

8. ಖರ್ಚು ಯಾರದು, ಮತ್ತು ಬಾಗಿಲ ಹಿಂದಿನ ಚೀಟಿ

2021ರಲ್ಲಿ ಕೇಂದ್ರ ಸರ್ಕಾರ ಸಿದ್ಧಪಡಿಸಿದ ಮಾದರಿ ಬಾಡಿಗೆ ಕಾಯ್ದೆಯ ಪಟ್ಟಿಯಲ್ಲಿ ವೈರಿಂಗ್ ಮತ್ತು ಪೈಪು ಬದಲಾವಣೆ ಮಾಲೀಕರ ಪಾಲಿಗೆ, ಗೀಸರ್ ರಿಪೇರಿ ಬಾಡಿಗೆದಾರರ ಪಾಲಿಗೆ ಇದೆ. ಅದು ಮಾದರಿ ಮಾತ್ರ, ರಾಜ್ಯ ಒಪ್ಪಿಕೊಂಡರಷ್ಟೇ ಕಾನೂನು. ನನ್ನ ಅಭಿಪ್ರಾಯ ಕೇಳಿದರೆ ಗೀಸರ್ ಸರ್ವೀಸನ್ನು ಬಾಡಿಗೆದಾರರ ಮೇಲೆ ಬಿಡಬೇಡಿ. 11 ತಿಂಗಳ ಕರಾರಿನಲ್ಲಿ ಇರುವವರು ಆನೋಡ್ ಬದಲಿಸುವುದಿಲ್ಲ, ಅವರದು ತಪ್ಪೂ ಅಲ್ಲ. ವರ್ಷಕ್ಕೊಮ್ಮೆ ನೀವೇ ಮಾಡಿಸಿ, ಕರಾರಿನಲ್ಲಿ ಹಾಗೇ ಬರೆಯಿರಿ. ಜೊತೆಗೆ ಇನ್ನೊಂದು ಸಾಲು ಸೇರಿಸಿ: ಕೇಳದೆ ಗ್ಯಾಸ್ ಗೀಸರ್ ಹಾಕುವಂತಿಲ್ಲ. ಅಮೆರಿಕದಲ್ಲೋ ದುಬೈಯಲ್ಲೋ ಇದ್ದುಕೊಂಡು ಇಲ್ಲಿನ ಫ್ಲಾಟ್ ನೋಡಿಕೊಳ್ಳುವವರು ಸರ್ವೀಸಿನವರಿಗೆ ವಿಡಿಯೋ ಕಾಲ್ ಮಾಡಿ ಎರಡು ಮಾತ್ರ ತೋರಿಸಲು ಹೇಳಿ: ಬಿಚ್ಚಿದ ಆನೋಡ್, ಮತ್ತು "ಟಿ" ಗುಂಡಿ ಒತ್ತಿದಾಗ ಬೀಳುವ ಆರ್‌ಸಿಸಿಬಿ.

ಕೊನೆಯ ಕೆಲಸ ಒಂದು ಚೀಟಿ. ದಪ್ಪ ಅಕ್ಷರದಲ್ಲಿ ಬರೆದು, ಪ್ಲಾಸ್ಟಿಕ್ ಹಾಕಿಸಿ, ಅಡುಗೆಮನೆ ಬಾಗಿಲ ಹಿಂದೆ ಅಂಟಿಸಿ. ಮನೆಗೆ ಕನ್ನಡ ಬಾರದವರು ಬಂದಿದ್ದರೆ ಅವರ ಭಾಷೆಯಲ್ಲೂ ಇರಲಿ:

ಸ್ನಾನಕ್ಕೆ ಮುಂಚೆ ಕರೆಂಟ್ ಗೀಸರ್ ಆಫ್ ಮಾಡಿ. ವೆಂಟಿಲೇಟರ್ ಮುಚ್ಚಬೇಡಿ. ವಾಲ್ವ್ ತೊಟ್ಟಿಕ್ಕಿದರೆ ಕಟ್ಟಬೇಡಿ, ಫೋನ್ ಮಾಡಿ. ಸ್ನಾನಕ್ಕೆ ಹೋದವರು ಕರೆದರೆ ಓಗೊಡದಿದ್ದರೆ ಮೊದಲು ಗ್ಯಾಸ್ ಬಂದ್ ಮಾಡಿ, ಬಾಗಿಲು ತೆಗೆದು ಅವರನ್ನು ಬಯಲಿಗೆ ತನ್ನಿ, 108ಕ್ಕೆ ಕರೆ ಮಾಡಿ. ಗ್ಯಾಸ್ ಸೋರಿದರೆ ಯಾವ ಸ್ವಿಚ್ಚನ್ನೂ ಮುಟ್ಟಬೇಡಿ, ಹೊರಗೆ ಬಂದು 1906ಕ್ಕೆ ಕರೆ ಮಾಡಿ. ಕರೆಂಟಿನ ತೊಂದರೆಗೆ 1912.

ಅದರ ಕೆಳಗೆ ನಿಮ್ಮ ನಂಬರ್, ಮತ್ತು ನೀವು ಫೋನ್ ಎತ್ತದಿದ್ದರೆ ಯಾರಿಗೆ ಮಾಡಬೇಕು ಅವರ ನಂಬರ್. ಗೀಸರ್ ಸರ್ವೀಸ್ ಆದ ತಾರೀಕನ್ನೂ ಅಲ್ಲೇ ಬರೆಯಿರಿ, ಮುಂದಿನ ನೀರು ತುಂಬುವ ಹಬ್ಬಕ್ಕೆ ಬೇಕಾಗುತ್ತದೆ.